ನಾಲ್ಕಡಿ ಕಡಿಮೆ

"ಇಪ್ಪತ್ತೊಂಬತ್ತು," ಅಂದರು ಹೇಮಾಕ್ಷಿ.

"ಇನ್ನೊಮ್ಮೆ ನೋಡಿ ಹೇಮಕ್ಕ. ಟೇಪು ಎಲ್ಲಾದರೂ ಸಿಕ್ಕಿಕೊಂಡಿರಬಹುದು."

"ಮೂರು ಸಲ ಆಯ್ತು ಜೂಲಿ. ಗೇಟಿನಿಂದ ಹಿಂದಿನ ಗೋಡೆಗೆ ಇಪ್ಪತ್ತೊಂಬತ್ತು ಅಡಿ. ಟೇಪಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ."

ಜೂಲಿ ಫೋನು ತೆಗೆದು ಅದೇ ವಿಡಿಯೊ ಮತ್ತೆ ಹಾಕಿದಳು. ಇದೇ ನಾಲ್ಕನೇ ನಂಬರಿನ ಮನೆ, ಇದೇ ಪಾರ್ಕಿಂಗ್ ಜಾಗ, ಇದೇ ಬಿಳಿ ಗೋಡೆ. ಅವಳ ತಮ್ಮ ಡೆನ್ಜಿಲ್ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದು ಕೊಂಕಣಿಯಲ್ಲಿ ನಗುತ್ತಾ ಹೇಳುತ್ತಿದ್ದ. "ಅಕ್ಕಾ, ಮೂವತ್ತಮೂರು ಅಡಿ! ಬಾವನ ದೊಡ್ಡ ಗಾಡಿ ಮುಂದೆ, ನಿನ್ನ ಸಣ್ಣದು ಹಿಂದೆ. ಗೇಟು ಮುಚ್ಚಿ ಆರಾಮ ಮಲಗು."

ಆ ವಿಡಿಯೊ ಬಂದದ್ದು ಒಂದು ಶನಿವಾರ ಸಂಜೆ ನಾಲ್ಕೂ ಹತ್ತಕ್ಕೆ. ಅಂದಿನಿಂದ ಹತ್ತೊಂಬತ್ತು ದಿನ, ಡೆನ್ಜಿಲ್ ಇಲ್ಲ, ಅವನ ಕಾರೂ ಇಲ್ಲ.

"ನಾನೇ ಕಳಿಸಿದ್ದು ಹೇಮಕ್ಕ," ಅಂದಳು ಜೂಲಿ. "ಎರಡು ಕಾರು ಹಿಡಿಸ್ತದಾ ನೋಡಿ ಬಾ ಅಂತ. ಮಸ್ಕತ್ತಿನಲ್ಲಿ ಕೂತು ಕಾರಿಗೆ ಜಾಗ ಹುಡುಕಿದೆ, ಇಲ್ಲಿ ತಮ್ಮನನ್ನು ಕಳಕೊಂಡೆ."

ಹೇಮಾಕ್ಷಿ ಅವಳ ಬೆನ್ನು ತಟ್ಟಲಿಲ್ಲ. ಇಪ್ಪತ್ತೊಂಬತ್ತು ವರ್ಷ ಟ್ರಾಫಿಕ್ ಪೊಲೀಸಿನಲ್ಲಿದ್ದು ನಿವೃತ್ತರಾದ ಹೆಂಗಸು. ಈಗ ಗಲ್ಫಿನವರು ಊರಿನಲ್ಲಿ ಮನೆ ಕೊಳ್ಳುವ ಮೊದಲು ಹೋಗಿ ನೋಡಿ ಬರುವ ಕೆಲಸ ಮಾಡುತ್ತಾರೆ. ಅಳುವವರ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಅವರಿಗೆ ಗೊತ್ತು, ಸಮಾಧಾನ ಹೇಳುವುದು ಗೊತ್ತಿಲ್ಲ.

ಪೊಲೀಸರೂ ಇಲ್ಲಿಗೆ ಬಂದು ಹೋಗಿದ್ದರು. ಖಾಲಿ ಜಾಗ ನೋಡಿ, ಖಾಲಿ ಎಂದು ಬರೆದುಕೊಂಡು, ಬಿಲ್ಡರನ ಆಫೀಸಿನ ಚಹಾ ಕುಡಿದು ಹೋದರು. ಖಾಲಿ ಜಾಗದ ಉದ್ದ ಎಷ್ಟು ಎಂದು ಕೇಳುವ ಬುದ್ಧಿ ಟ್ರಾಫಿಕ್ಕಿನವರಿಗೆ ಮಾತ್ರ ಬರುತ್ತದೆ. ಮನೆ ಕೊಳ್ಳುವವಳ ಹಾಗೆ ಬಂದು ಬೀಗದ ಕೈ ಕೇಳು ಎಂದು ಜೂಲಿಗೆ ಹೇಳಿಕೊಟ್ಟದ್ದೂ ಹೇಮಾಕ್ಷಿಯೇ.

ಪಂಪ್‌ವೆಲ್ ಸರ್ಕಲ್ ದಾಟಿ ಹೆದ್ದಾರಿ ಬಿಟ್ಟು ಒಳಗೆ ಬಂದರೆ, ಗುಡ್ಡ ಕಡಿದು ಮಾಡಿದ ಲೇಔಟು. ಆರು ಮನೆ, ಆರೂ ಒಂದೇ ಅಚ್ಚು. ಕಿಟಕಿಯ ಗಾಜಿಗೆ ಅಂಟಿಸಿದ ನೀಲಿ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಯಾರೂ ವಾಸಕ್ಕೆ ಬಂದಿಲ್ಲ. ನಡು ಮಧ್ಯಾಹ್ನದ ಬಿಸಿಲು ಬಿಳಿ ಗೋಡೆಗಳ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಹೆದ್ದಾರಿಯ ಸದ್ದು ಇಲ್ಲಿಯವರೆಗೂ ಬರಬೇಕಿತ್ತು, ಯಾಕೋ ಬರುತ್ತಿರಲಿಲ್ಲ. ಈ ಹೊತ್ತಿನಲ್ಲಿ ಹೊರಗೆ ತಿರುಗಬೇಡ ಎಂದು ಅಮ್ಮ ಯಾಕೆ ಬಯ್ಯುತ್ತಿದ್ದಳು ಎಂಬುದು ಹೇಮಾಕ್ಷಿಗೆ ಅರುವತ್ತೊಂದನೇ ವಯಸ್ಸಿನಲ್ಲಿ ಅರ್ಥವಾಯಿತು.

"ಕಾರು ಹಾಕಿ ನೋಡುವ," ಅಂದರು.

ಜೂಲಿ ಬಾಡಿಗೆಗೆ ತಂದಿದ್ದ ದೊಡ್ಡ ಗಾಡಿಯನ್ನು ಗೋಡೆಯ ಹತ್ತಿರದವರೆಗೆ ಒಯ್ದು ನಿಲ್ಲಿಸಿದಳು. ಅವಳ ಗಂಡ ಯೂಸ್ಟೇಸ್ ಕೊಳ್ಳಬೇಕೆಂದಿರುವ ಗಾಡಿಯ ಅಳತೆಯದ್ದೇ ಅದು. ಹಿಂದೆ ಹೇಮಾಕ್ಷಿ ತಮ್ಮ ಹಳೆಯ ಪುಟ್ಟ ಕಾರನ್ನು ತಂದು ಒತ್ತಿ ನಿಲ್ಲಿಸಿದರು. ಇಳಿದು ಗೇಟು ಎಳೆದರು. ಗೇಟು ಅರ್ಧ ಬಂದು ಕಾರಿನ ಬಂಪರಿಗೆ ತಾಗಿ ನಿಂತಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆಯೇ ಗಿಡ್ಡವಾಗಿತ್ತು.

ಗೇಟಿನ ಹೊರಗೆ ನಿಂತಿದ್ದ ಮುಖೇಶ್ ಗಂಟಲು ಸರಿಮಾಡಿಕೊಂಡ. ಬಿಲ್ಡರನ ಕಡೆಯಿಂದ ಮನೆ ತೋರಿಸುವವನು ಅವನು. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಬಣ್ಣದ ಬ್ರೋಷರ್. ಇವರು ಬಂದಾಗಿನಿಂದ ಒಂದು ಹೆಜ್ಜೆಯೂ ಗೇಟಿನ ಒಳಗೆ ಇಟ್ಟಿರಲಿಲ್ಲ.

"ಮೇಡಂ, ಒಂದು ಕಾರು ರೋಡಿನಲ್ಲಿ ನಿಲ್ಲಿಸಬಹುದಲ್ಲ? ಎಲ್ಲರೂ ಹಾಗೇ ಮಾಡುವುದು."

"ಎಲ್ಲರೂ ಮಾಡುವುದು ಗೊತ್ತುಂಟು. ಅವರಿಗೆಲ್ಲ ಫೈನ್ ಹಾಕಿದ್ದು ನಾನೇ," ಅಂದರು ಹೇಮಾಕ್ಷಿ. "ಇಪ್ಪತ್ತಡಿ ರೋಡು ಇದು. ಆ ಬದಿಯವರೂ ನಿಲ್ಲಿಸಿದರೆ ಆಂಬ್ಯುಲೆನ್ಸ್ ಎಲ್ಲಿಂದ ಬರುವುದು?"

"ಹಾಗಾದರೆ ಒಂದನೇ ನಂಬರ್ ನೋಡಿ. ಅಲ್ಲಿ ಎರಡು ಕಾರು ಪಕ್ಕ ಪಕ್ಕ ನಿಲ್ತದೆ."

"ನಿಲ್ತದೆ. ಆಮೇಲೆ ಮನೆಯವರು ಒಳಗೆ ಹೋಗಲಿಕ್ಕೆ ಅಡ್ಡಡ್ಡ ನಡೀಬೇಕು. ಎರಡು, ಮೂರು ನಂಬರಿನದು ಜಂಟಿ ದಾರಿ. ಮೊದಲ ತಿಂಗಳು ನೀವು ಹೋಗಿ, ನೀವು ಹೋಗಿ ಅಂತ ನಗ್ತಾರೆ. ಆರು ತಿಂಗಳಿಗೆ ಠಾಣೆಗೆ ಬರ್ತಾರೆ. ಅದೆಲ್ಲ ಬೇಡ ಅಂತಲೇ ಇವರು ನಾಲ್ಕನೇದು ಆರಿಸಿದ್ದು. ಒಂದರ ಹಿಂದೆ ಒಂದು ನಿಲ್ಲಿಸಿದರೆ ಬೆಳಿಗ್ಗೆ ಗಂಡ ಹೆಂಡತಿ ಕೀ ಕೊಡು ಕೀ ಕೊಡು ಅಂತ ಜಗಳ ಮಾಡ್ತಾರೆ, ಅಷ್ಟೇ. ಆ ಜಗಳ ಮನೆಯೊಳಗೇ ಮುಗೀತದೆ."

ಜೂಲಿಯ ಫೋನು ಗುಂಯ್‌ಗುಟ್ಟಿತು. ಮಸ್ಕತ್ತಿನಿಂದ ಯೂಸ್ಟೇಸ್. ಅವಳು ಅದನ್ನು ಸ್ಪೀಕರಿಗೆ ಹಾಕಿ ತನ್ನ ಗಾಡಿಯ ಬಾನೆಟ್ಟಿನ ಮೇಲಿಟ್ಟಳು.

"ಎಷ್ಟು ಬಂತು?" ಅಂತ ಕೇಳಿದ ಯೂಸ್ಟೇಸ್.

"ಇಪ್ಪತ್ತೊಂಬತ್ತು. ನಾಲ್ಕಡಿ ಕಡಿಮೆ. ಗೇಟು ಮುಚ್ಚುವುದಿಲ್ಲ."

ಆ ಕಡೆಯಿಂದ ಸಾವಕಾಶವಾಗಿ ಬಂತು ಉತ್ತರ. "ತೊಂದರೆ ಇಲ್ಲ. ನಾಲ್ಕಡಿಗೆ ಎಂತ ಮಾಡುವುದು? ಒಂದೇ ಕಾರು ಸಾಕು ನಮಗೆ. ನಾಲ್ಕು ಗಂಟೆಗೆ ಅಗ್ರಿಮೆಂಟಿಗೆ ಸಹಿ ಹಾಕಿ ಬಿಡು ಜೂಲಿ."

ಹೇಮಾಕ್ಷಿ ಟೇಪು ಸುತ್ತುತ್ತಿದ್ದವರು ನಿಲ್ಲಿಸಿದರು. ಎರಡು ತಿಂಗಳಿನಿಂದ ಈ ಮನುಷ್ಯ ಎರಡು ಕಾರು, ಮುಚ್ಚುವ ಗೇಟು ಎಂದು ಜಪ ಮಾಡಿದ್ದ. ಅತ್ತಾವರದಲ್ಲಿ ನೋಡಿದ ಒಳ್ಳೆಯ ಮನೆಯನ್ನು ಒಂದೂವರೆ ಅಡಿ ಕಡಿಮೆ ಎಂದು ಬಿಟ್ಟಿದ್ದ. ಇವತ್ತು ನಾಲ್ಕಡಿ ಹೋದರೂ ಅವನಿಗೆ ಬೇಸರವಿಲ್ಲ. ಹೆಂಡತಿಯ ತಮ್ಮ ಕಾಣೆಯಾದ ಜಾಗವನ್ನೇ ಕೊಳ್ಳಲು ಇಷ್ಟು ಅವಸರ ಯಾಕೆ ಎಂಬ ಪ್ರಶ್ನೆ ಅವರ ನಾಲಗೆಯ ತುದಿಗೆ ಬಂದು ನಿಂತಿತು. ಅವರು ಅದನ್ನು ನುಂಗಿಕೊಂಡರು.

ತಮ್ಮ ಕಾರನ್ನು ರೋಡಿಗೆ ತೆಗೆದು ಬಂದು, ದೊಡ್ಡ ಗಾಡಿಯ ಪಕ್ಕದಿಂದ ಹಿಂದಿನ ಗೋಡೆಯ ಹತ್ತಿರ ಹೋದರು. ಮೇಲೆ ಚಾವಣಿಯಂತೆ ಶೀಟಿನ ಮಾಡು, ಎರಡೂ ಬದಿಗೆ ಗೋಡೆ. ಅಲ್ಲಿ ಹೊರಗಿನಷ್ಟು ಸೆಕೆಯಿಲ್ಲ. ಬಾವಿಯ ಬಾಯಿಗೆ ಬಗ್ಗಿದಾಗ ಮುಖಕ್ಕೆ ತಾಗುವಂಥ ತಂಪು ಇತ್ತು.

ನೆಲಕ್ಕೆ ಬೂದು ಬಣ್ಣದ ಇಂಟರ್‌ಲಾಕ್ ಕಲ್ಲು ಹಾಸಿದ್ದರು. ಗೇಟಿನ ಬದಿಗೆ ಕೆಂಪು ಕಲ್ಲುಗಳ ಅಂಚು. ಎಡಕ್ಕೆ, ಬಲಕ್ಕೆ ಕೂಡ ಅದೇ ಅಂಚು. ಹಿಂದಿನ ಗೋಡೆಯ ಬುಡದಲ್ಲಿ ಮಾತ್ರ ಇಲ್ಲ. ಬೂದು ಕಲ್ಲುಗಳು ಗೋಡೆಯ ಅಡಿಗೆ ಹಾಗೇ ನುಗ್ಗಿದ್ದವು.

"ಜೂಲಿ, ವಿಡಿಯೊ ಇನ್ನೊಮ್ಮೆ ಹಾಕು. ಡೆನ್ಜಿಲ್ ಟೇಪು ಒತ್ತುವಲ್ಲಿ ನಿಲ್ಲಿಸು."

ಅವಳು ಗಂಡನ ಕರೆಯನ್ನು ಕಡಿಯದೆಯೇ ವಿಡಿಯೊ ತೆರೆದು ನಿಲ್ಲಿಸಿದಳು. ಡೆನ್ಜಿಲನ ಹೆಬ್ಬೆರಳಿನ ಕೆಳಗೆ ಕೆಂಪು ಕಲ್ಲಿನ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು.

ಇಬ್ಬರೂ ಗೋಡೆಯನ್ನು ನೋಡಿದರು. ಇದು ಆ ಗೋಡೆಯಲ್ಲ. ಆ ಗೋಡೆ ಇದರ ಹಿಂದೆ, ನಾಲ್ಕಡಿ ಆಚೆಗೆ ಇದೆ. ಎರಡರ ನಡುವೆ ಕತ್ತಲು ತುಂಬಿದ ಒಂದು ಸಂದು.

ಹೇಮಾಕ್ಷಿ ಕಾರಿನ ಕೀಲಿಯಿಂದ ಬದಿಯ ಗೋಡೆಗೆ ಕುಟ್ಟಿದರು. ಗಟ್ಟಿ ಸದ್ದು. ಹಿಂದಿನ ಗೋಡೆಗೆ ಕುಟ್ಟಿದರು. ಒಳಗಿನಿಂದ ಯಾರೋ ಹೂಂಗುಟ್ಟಿದ ಹಾಗೆ ಪೊಳ್ಳು ಸದ್ದು ಬಂತು. ಜೂಲಿ ಹಿಂದಕ್ಕೆ ಸರಿದು ಗಾಡಿಗೆ ಒರಗಿದಳು.

"ಹೇಮಕ್ಕ," ಅಂದಳು. ಮಸ್ಕತ್ತಿನ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದವಳು, ಸಾವನ್ನು ಹತ್ತಿರದಿಂದ ಕಂಡವಳು. ಆದರೂ ಆ ಪ್ರಶ್ನೆ ಅವಳ ಬಾಯಿಂದ ಬರಲು ಬಹಳ ಹೊತ್ತು ಬೇಕಾಯಿತು. "ವಾಸನೆ ಉಂಟಾ?"

ಹೇಮಾಕ್ಷಿ ಗೋಡೆಗೆ ಮೂಗು ಹಚ್ಚಿದರು. "ಸಿಮೆಂಟಿನದ್ದು. ಬೇರೆ ಇಲ್ಲ."

ಇಲ್ಲ ಎಂದರೆ ಇಲ್ಲವೆಂದೇ ಅಲ್ಲ, ಸಾರಣೆ ದಪ್ಪವಿದ್ದರೆ ವಾಸನೆ ಹೊರಗೆ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಮುಖೇಶ್, ಒಳಗೆ ಬನ್ನಿ," ಅಂತ ಕರೆದರು ಹೇಮಾಕ್ಷಿ.

"ಇಲ್ಲಿಂದಲೇ ಹೇಳ್ತೇನೆ ಮೇಡಂ."

"ಬ್ರೋಷರ್ ಕೊಡಿ."

ಅವನು ಗೇಟಿನ ಹೊರಗಿನಿಂದಲೇ ಕೈ ಚಾಚಿ ಕೊಟ್ಟ. ನಾಲ್ಕನೇ ಮನೆಯ ನಕ್ಷೆಯಲ್ಲಿ ಪಾರ್ಕಿಂಗ್ ಇಪ್ಪತ್ತೊಂಬತ್ತು ಅಡಿ ಎಂದೇ ಇತ್ತು. ಹೇಮಾಕ್ಷಿ ಅಂಕಿಯ ಮೇಲೆ ಬೆರಳಾಡಿಸಿದರು. ಉಗುರಿನಿಂದ ಮೂಲೆ ಎಬ್ಬಿಸಿದರು. ಸಣ್ಣ ಸ್ಟಿಕ್ಕರ್ ಎದ್ದು ಬಂತು. ಅದರಡಿಯಲ್ಲಿ ಮೂವತ್ತಮೂರು.

"ಎಂಚಿನ ಮಾರಾಯ್ರೆ, ಎಂತ ಇದು?"

"ಪ್ರಿಂಟಿಂಗ್ ಮಿಸ್ಟೇಕ್ ಮೇಡಂ. ಆ ಹುಡುಗ ಎಲ್ಲಿಗೆ ಹೋದ ಅಂತ ನನಗೆ ಗೊತ್ತಿಲ್ಲ."

"ಹುಡುಗನ ಸುದ್ದಿ ಯಾರು ಕೇಳಿದರು ನಿಮ್ಮ ಹತ್ತಿರ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮುಖೇಶನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಗೋಡೆ ಯಾವಾಗ ಕಟ್ಟಿದ್ದು?"

"ನಾವು ಕಟ್ಟಿದ್ದಲ್ಲ. ದೇವರಾಣೆ ಮೇಡಂ, ನಾವಲ್ಲ. ಶನಿವಾರ ನೋಡುವಾಗ ಜಾಗ ಸರಿ ಇತ್ತು. ಸೋಮವಾರ ಬೆಳಿಗ್ಗೆ ಗೇಟು ತೆಗೆದರೆ ಗೋಡೆ ಮುಂದೆ ಬಂದಿದೆ. ಅದರ ಬುಡದಲ್ಲಿ ಆ ಕಲ್ಲು ಉಂಟು." ಅವನು ಬೆರಳು ತೋರಿಸಲಿಲ್ಲ, ಗದ್ದ ಮಾತ್ರ ಎತ್ತಿದ.

ಗೋಡೆಯ ಬುಡದ ಮೂಲೆಯಲ್ಲಿ ಮೊಳದುದ್ದದ ಒಂದು ಕಪ್ಪು ಕಲ್ಲು ನೆಟ್ಟಗೆ ನಿಂತಿತ್ತು. ಅದರ ಮುಂದೆ ಕೆಂಪು ಕೇಪುಳ ಹೂ, ಆರಿದ ಒಂದು ಹಣತೆ. ಜೂಲಿ ಬಂದಾಗಲೇ ಅದನ್ನು ಕಂಡಿದ್ದಳು. ಗೃಹಪ್ರವೇಶಕ್ಕೆ ಹಿಂದೂಗಳು ಏನೋ ಇಟ್ಟಿದ್ದಾರೆ ಎಂದುಕೊಂಡು ಮುಟ್ಟದೆ ಬಿಟ್ಟಿದ್ದಳು.

"ಗುಳಿಗ ದೈವದ ಕಲ್ಲು ಅದು," ಮುಖೇಶನ ಸ್ವರ ಇಳಿಯಿತು. "ಗುಡ್ಡ ಕಡಿಯುವಾಗಲೇ ಹೇಳಿದ್ದರು, ಇಲ್ಲಿ ದೈವದ ಸಂಚಾರ ಉಂಟು ಅಂತ. ನಮ್ಮ ಧಣಿ ಕೇಳಲಿಲ್ಲ. ಗೋಡೆ ಮುಟ್ಟಲಿಕ್ಕೆ ಹೋದ ಪೇಂಟರಿಗೆ ಅವತ್ತೇ ಸಂಜೆ ಜ್ವರ ಬಂತು. ಆಮೇಲೆ ಯಾರು ಒಡೀತಾರೆ ಹೇಳಿ? ಧಣಿಗೂ ಹೇಳಲಿಲ್ಲ ನಾನು. ಅಂಕಿ ಬದಲಾಯಿಸಿದೆ."

"ದಿನಾ ಹೂ ಇಡುವುದು?"

"ನಾನೇ. ಬೆಳಿಗ್ಗೆ ಬೇಗ ಬಂದು ಇಟ್ಟು ಓಡಿ ಹೋಗ್ತೇನೆ."

ಬೇರೆ ದಿನವಾಗಿದ್ದರೆ ಹೇಮಾಕ್ಷಿ ನಗುತ್ತಿದ್ದರು. ಇವತ್ತು ಅವರಿಗೂ ಆ ಕಲ್ಲಿನ ಕಡೆ ಕಾಲು ಮುಂದೆ ಹೋಗಲಿಲ್ಲ. ತುಳುನಾಡಿನ ಹೆಣ್ಣು, ಅಜ್ಜಿಯ ಕಾಲದಿಂದ ಗುಳಿಗನಿಗೆ ನಡೆದುಕೊಳ್ಳುವ ಮನೆಯವರು. ದೂರದಿಂದಲೇ ಕೈ ಮುಗಿದರು. ಕೈ ಮುಗಿದು ತಲೆ ಎತ್ತಿದಾಗ ಅವರ ಕಣ್ಣಿಗೆ ಮಾಡಿನ ಶೀಟು ಕಂಡಿತು.

ಅವರು ಬಹಳ ಹೊತ್ತು ಶೀಟನ್ನೇ ನೋಡಿದರು.

"ಮುಖೇಶ್, ನಿಮ್ಮ ಮನೆಯ ಗುಳಿಗ ಎಲ್ಲಿರುವುದು?"

"ಬಯಲಿನಲ್ಲಿ. ಮರದ ಬುಡದಲ್ಲಿ."

"ಮಾಡು ಉಂಟಾ?"

"ಗುಳಿಗನಿಗೆ ಮಾಡಾ? ಇಲ್ಲಪ್ಪ. ಮಳೆ ಬಿಸಿಲಿನಲ್ಲೇ ಇರಬೇಕು. ಸಣ್ಣ ಮಗುವಿಗೂ ಗೊತ್ತುಂಟು ಅದು." ಹೇಳುತ್ತಾ ಹೇಳುತ್ತಾ ಮುಖೇಶನ ಬಾಯಿ ತೆರೆದೇ ಉಳಿಯಿತು. ಇಷ್ಟು ದಿನ ಹೂ ಇಟ್ಟವನು ಒಮ್ಮೆಯೂ ತಲೆ ಎತ್ತಿ ಮೇಲೆ ನೋಡಿರಲಿಲ್ಲ. ಹೆದರಿದವನು ನೆಲ ನೋಡುತ್ತಾನೆ.

"ಇದು ನಮ್ಮವರು ನೆಟ್ಟ ಕಲ್ಲಲ್ಲ," ಅಂದರು ಹೇಮಾಕ್ಷಿ. "ನಮಗೆ ಹೆದರಿಕೆ ಉಂಟು ಅಂತ ಗೊತ್ತಿರುವವನು ನೆಟ್ಟದ್ದು. ನಮ್ಮ ಜೊತೆ ಬೆಳೆದವನು, ನಮ್ಮ ಮಾತು ಕೇಳಿದವನು. ಆದರೆ ಅವನ ಮನೆಯಲ್ಲಿ ದೈವದ ಕಲ್ಲು ಇಲ್ಲ, ಹಾಗಾಗಿ ಕ್ರಮ ಗೊತ್ತಿಲ್ಲ."

ಜೂಲಿ ಅವರ ಮುಖವನ್ನೇ ನೋಡುತ್ತಿದ್ದಳು.

"ಆದಿತ್ಯವಾರ ಇಲ್ಲಿ ಕೆಲಸ ಇರ್ತದಾ?" ಹೇಮಾಕ್ಷಿ ಮುಖೇಶನ ಕಡೆ ತಿರುಗಿದರು.

"ಇಲ್ಲ. ರಜೆ."

"ಒಂದು ದಿನದಲ್ಲಿ ಇಷ್ಟು ಗೋಡೆ ಎಬ್ಬಿಸಿ ಬಿಳಿ ಸಿಮೆಂಟಿನ ಸಾರಣೆ ಮಾಡುವ ಮೇಸ್ತ್ರಿ ನಿಮ್ಮಲ್ಲಿ ಯಾರುಂಟು?"

ಮುಖೇಶ್ ಆರನೇ ಮನೆಯ ಕಡೆ ನೋಡಿದ. ಅಲ್ಲಿ ಟೈಲ್ಸ್ ಕತ್ತರಿಸುವ ಸದ್ದು ಆಗಷ್ಟೇ ನಿಂತಿತ್ತು.

ಕರೆದಾಗ ಉಳ್ಳಾಲದ ಜಮಾಲುದ್ದೀನ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದ. ಐವತ್ತರ ಆಸುಪಾಸು, ಕೂದಲಿನಲ್ಲೆಲ್ಲ ಸಿಮೆಂಟಿನ ಪುಡಿ. ಗೋಡೆಯ ಮುಂದೆ ನಿಂತವರನ್ನು ಕಂಡು ಅವನ ನಡಿಗೆ ನಿಧಾನವಾಯಿತು.

"ಮೇಸ್ತ್ರಿ, ಒಳ್ಳೆ ಕೆಲಸ," ಅಂದರು ಹೇಮಾಕ್ಷಿ. "ಒಂದು ಬಿರುಕು ಇಲ್ಲ."

"ಆಫೀಸಿಗೆ ಹೇಳಬೇಡಿ ಮೇಡಂ. ರಜೆ ದಿನ ಹೊರಗಿನ ಕೆಲಸ ಮಾಡಿದೆ ಅಂತ ಗೊತ್ತಾದರೆ ನಾಳೆಯಿಂದ ಬರಬೇಡ ಹೇಳ್ತಾರೆ. ಓನರ್ ಕರೆದರು ಅಂತ ಬಂದೆ ನಾನು. ಬೀಗದ ಕೈ ಇತ್ತು ಅವರ ಹತ್ತಿರ. ಓನರ್ ಅಂತಲೇ ನಂಬಿದೆ."

"ಯಾವ ಓನರ್?"

ಜೂಲಿ ಫೋನನ್ನು ಅವನ ಮುಂದೆ ಹಿಡಿದಳು. ನಿಲ್ಲಿಸಿದ ವಿಡಿಯೊದಲ್ಲಿ ಡೆನ್ಜಿಲ್ ನಗುತ್ತಿದ್ದ.

"ಹಾಂ, ಇವರೇ," ಅಂದ ಜಮಾಲುದ್ದೀನ್. "ಆದಿತ್ಯವಾರ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಇವರೇ ಕಲ್ಲು ಎತ್ತಿ ಕೊಟ್ಟರು."

ಜೂಲಿ ಅಲ್ಲೇ ನೆಲದ ಮೇಲೆ ಕುಳಿತಳು. "ಆದಿತ್ಯವಾರ," ಅಂದಳು. "ಆದಿತ್ಯವಾರ ಬದುಕಿದ್ದ. ಹೇಮಕ್ಕ, ನನ್ನ ತಮ್ಮ ಬದುಕಿದ್ದ!" ಅಳುತ್ತಲೇ ನಕ್ಕಳು. ಅವಳು ಊರಿಗೆ ಬಂದ ಮೇಲೆ ಹೇಮಾಕ್ಷಿ ಅವಳ ಹಲ್ಲು ನೋಡಿದ್ದು ಇದೇ ಮೊದಲು. ಹೇಮಾಕ್ಷಿ ಮೇಸ್ತ್ರಿಯ ಕಡೆ ತಿರುಗಿದರು.

"ಒಳಗೆ ಎಂತ ಇಟ್ಟರು ಮೇಸ್ತ್ರಿ?"

"ನನಗೆ ಗೊತ್ತಿಲ್ಲ. ನಾನು ಬರುವ ಮೊದಲೇ ಇಟ್ಟಾಗಿತ್ತು. ಟಾರ್ಪಾಲು ಸುತ್ತಿ ಹಗ್ಗ ಕಟ್ಟಿದ್ದರು. ಹಳೆ ಸಾಮಾನು, ಮುಟ್ಟಬೇಡಿ ಅಂದರು." ಅವನು ಗೋಡೆಯ ಕಡೆ ನೋಡಿದ. "ಉದ್ದಕ್ಕೆ ಇತ್ತು. ಇಷ್ಟು." ಕೈಯನ್ನು ನೆಲದಿಂದ ಎತ್ತಿ ತನ್ನ ನೆತ್ತಿಯ ಹತ್ತಿರ ನಿಲ್ಲಿಸಿದ.

ಜೂಲಿಯ ನಗು ನಿಂತಿತು. ಅವಳು ಎದ್ದು ನಿಂತು, ಸೀರೆಗೆ ಹತ್ತಿದ ಧೂಳನ್ನೂ ಕೊಡವದೆ, ಗೋಡೆಯ ಬದಿಗೆ ಬಂದಳು.

"ಒಡೀರಿ."

ಜಮಾಲುದ್ದೀನ್ ಅಲುಗಾಡಲಿಲ್ಲ. "ನೀವು ಅವರ ಅಕ್ಕನಾ? ಮಸ್ಕತ್ತಿನ ಅಕ್ಕ?"

"ಹೌದು. ಒಡೀರಿ."

"ಆಗುವುದಿಲ್ಲ ಅಕ್ಕ. ಅವರು ಹೋಗುವಾಗ ನನ್ನ ಕೈ ಹಿಡಿದು ಹೇಳಿದ್ದಾರೆ. ಅಕ್ಕ ಒಂದು ದಿನ ಬರ್ತಾಳೆ, ಒಡಿ ಅಂತ ಹೇಳ್ತಾಳೆ, ಅವಳೊಬ್ಬಳೇ ಇದ್ದರೆ ಒಡಿಯಬೇಡ. ಬಾವನನ್ನು ಕರೆದುಕೊಂಡು ಬರಲಿ, ಬಾವ ಇಲ್ಲಿ ಎದುರಿಗೆ ನಿಂತರೆ ಮಾತ್ರ ಒಡಿ. ಗೋಡೆ ಹಿಂದೆ ಎಂತ ಉಂಟು ಅಂತ ಬಾವನಿಗೆ ಗೊತ್ತುಂಟು ಅಂದರು. ಅಷ್ಟು ಹೇಳಿ ಕಾರಿನಲ್ಲಿ ಉಳ್ಳಾಲದ ಕಡೆ ಹೋದರು. ತುಂಬ ಅಳ್ತಾ ಇದ್ದರು ಅಕ್ಕ."

ಜೂಲಿಯ ಕೈಯಲ್ಲಿದ್ದ ಫೋನಿನ ಪರದೆಯ ಮೇಲೆ ತಮ್ಮನ ಮುಖದ ಮೇಲ್ಗಡೆ ಸಣ್ಣ ಹಸಿರು ಗೆರೆಯೊಂದು ಹೊಳೆಯುತ್ತಿತ್ತು. ಯೂಸ್ಟೇಸ್ ಇನ್ನೂ ಲೈನಿನಲ್ಲಿದ್ದ. ಇಷ್ಟೂ ಹೊತ್ತು ಲೈನಿನಲ್ಲೇ ಇದ್ದ.

"ಯೂಸ್ಟೇಸ್," ಅಂದಳು ಜೂಲಿ. ಸ್ವರ ಅವಳದ್ದೇ ಅಲ್ಲ ಅನ್ನಿಸುವಷ್ಟು ಸಣ್ಣದಾಗಿತ್ತು. "ಕೇಳಿಸಿತಾ ನಿನಗೆ?"

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಹೇಮಾಕ್ಷಿ ತುಟಿಯ ಮೇಲೆ ಬೆರಳಿಟ್ಟು, ಮುಂದೆ ಮಾತಾಡಬೇಡ ಎಂದು ಸನ್ನೆ ಮಾಡಿದರು. ಕಾಯುವುದು ಪೊಲೀಸರು ಕಲಿಯುವ ಮೊದಲ ಪಾಠ. ಹತ್ತು ಎಣಿಸುವಷ್ಟು ಹೊತ್ತಾಯಿತು, ಇಪ್ಪತ್ತು ಎಣಿಸುವಷ್ಟಾಯಿತು.

"ಅಳಬೇಡ ಜೂಲಿ," ಅಂದ ಯೂಸ್ಟೇಸ್ ಕೊಂಕಣಿಯಲ್ಲಿ, ತುಂಬಾ ಮೆತ್ತಗೆ. "ಅದರ ಒಳಗಿರುವುದು ಡೆನ್ಜಿಲ್ ಅಲ್ಲ. ಯಾರು ಅಂತ ನನಗೆ ಗೊತ್ತುಂಟು."